ಗಾಲಿಕಾಲಿನವರ ಊರು

ಲಂಡನ್ನಿಗೆ ಹೋಗಿ ಬಂದವನನ್ನು ನಮ್ಮ ಜನ ಕೇಳುವ ಪ್ರಶ್ನೆಗಳು ಮೊದಲೇ ಗೊತ್ತುಪಡಿಸಿಟ್ಟಂತೆ ಇರುತ್ತವೆ. ಅರಮನೆಯ ಮುಂದೆ ಕರಡಿಯ ತುಪ್ಪಳದ ಟೋಪಿ ಧರಿಸಿ ನಿಂತ ಕಾವಲುಗಾರರನ್ನು ಕಂಡಿರಾ? ಕೊಹಿನೂರು ವಜ್ರವನ್ನು ಕಣ್ತುಂಬ ನೋಡಿದಿರಾ? ನಮ್ಮ ಅಮರಾವತಿಯ ಶಿಲ್ಪಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಹೇಗಿವೆ? ೨೦೨೫ರ ಬೇಸಗೆಯ ರಜೆಯಲ್ಲಿ ಮೂರು ವಾರ ಅಲ್ಲಿದ್ದು ಬಂದ ನಾನು ಇವೆಲ್ಲಕ್ಕೂ ಯಥೋಚಿತವಾದ ಉತ್ತರಗಳನ್ನು ಕೊಟ್ಟಿದ್ದೇನೆ. ಆದರೆ ನನ್ನ ಮನಸ್ಸಿನಲ್ಲಿ ಬೇರೂರಿ ನಿಂತದ್ದು ಇವುಗಳಲ್ಲಿ ಯಾವುದೂ ಅಲ್ಲ. ಲಂಡನ್ನಿನವರು ಭಾನುವಾರ ಐಸ್‌ಕ್ರೀಮು ತಿನ್ನಲು ಹೋಗಿಬರುವ ಹರ್ನ್ ಬೇ ಎಂಬ ಕಡಲ ತೀರದ ಪುಟ್ಟ ಊರು. ಅಲ್ಲಿ ಈಗ ಇಲ್ಲದೆ ಹೋಗಿರುವ ಒಂದು ಮರದ ನೆಲ. ಆ ನೆಲದ ಮೇಲೆ ಬಾಲ್ಯವನ್ನು ಕಳೆದ ಒಬ್ಬ ವೃದ್ಧ.

ನನ್ನ ಅಕ್ಕ ಮತ್ತು ಭಾವ ಹನ್ನೊಂದು ವರ್ಷಗಳಿಂದ ಲಂಡನ್ನಿನ ಹ್ಯಾರೋ ಭಾಗದಲ್ಲಿ ನೆಲೆಸಿದ್ದಾರೆ. ನಾನು ಹರ್ನ್ ಬೇಗೆ ಹೋಗಬೇಕೆಂದಾಗ ಅಕ್ಕ ದೋಸೆಯ ಸೌಟನ್ನು ಕೈಯಲ್ಲಿ ಹಿಡಿದೇ ಅಡಿಗೆಮನೆಯಿಂದ ಹೊರಗೆ ಬಂದಳು.

“ಇಷ್ಟು ದೂರ ಬಂದು ಸ್ಕೇಟಿಂಗಿನ ಊರು ನೋಡಬೇಕೇನೋ? ಆ ಗಾಲಿಯ ಹುಚ್ಚು ಇನ್ನೂ ಬಿಟ್ಟಿಲ್ಲವೇ ನಿನಗೆ? ಏಳನೆಯ ವಯಸ್ಸಿನಲ್ಲಿ ಮಂಡಿ ಒಡಕೊಂಡು ಬಂದಾಗ ಅರಿಶಿನ ಹಚ್ಚಿದವಳು ನಾನು. ಈಗಲಾದರೂ ಮೇಷ್ಟರ ಹಾಗೆ ಇರಬಾರದೆ?”

ಅಕ್ಕನ ಆಕ್ಷೇಪದಲ್ಲಿ ನ್ಯಾಯವಿಲ್ಲದೆ ಇಲ್ಲ. ಕನ್ನಡದ ಎಂ.ಎ. ಮಾಡಿ ಕಾಲೇಜಿನಲ್ಲಿ ಹಳಗನ್ನಡ ಕಾವ್ಯವನ್ನು ಪಾಠ ಹೇಳುವವನು, ವಾರದ ಕೊನೆಯಲ್ಲಿ ಕುತ್ತಿಗೆಗೆ ಸೀಟಿ ತೂಗಿಸಿಕೊಂಡು ಮಕ್ಕಳ ಸ್ಕೇಟಿಂಗ್ ಸ್ಪರ್ಧೆಗಳಿಗೆ ರೆಫರಿಯಾಗಿ ಹೋಗುವುದು ನನ್ನ ಸಹೋದ್ಯೋಗಿಗಳಿಗೂ ವಿಚಿತ್ರವಾಗಿ ಕಾಣುತ್ತದೆ. ಮೈಸೂರಿನಲ್ಲಿ, ನಮ್ಮ ಬೀದಿಯ ಕೊನೆಗಿದ್ದ ಒಂದು ಸಿಮೆಂಟಿನ ಅಂಗಳದಲ್ಲಿ ಪ್ರಾರಂಭವಾದ ಈ ನಂಟು, ಕಾಲಿನ ವೇಗ ಕಡಿಮೆಯಾದ ಮೇಲೆ ಸೀಟಿಯ ರೂಪದಲ್ಲಿ ಮುಂದುವರಿದಿದೆ. ಹದಿನಾಲ್ಕು ವರ್ಷಗಳಿಂದ ಗೆರೆಯ ಬಳಿ ನಿಂತು, ಯಾರ ಗಾಲಿ ಮೊದಲು ದಾಟಿತು, ಯಾರು ಯಾರನ್ನು ತಳ್ಳಿದರು ಎಂಬುದನ್ನು ನೋಡುತ್ತ ಬಂದಿದ್ದೇನೆ. ಇದರಲ್ಲಿ ಹಣವೂ ಇಲ್ಲ, ಹೆಸರೂ ಇಲ್ಲ. ಬಿಸಿಲಂತೂ ಧಾರಾಳವಾಗಿ ಇದೆ.

ಆದರೆ ಈ ಸಲ ಪೆಟ್ಟಿಗೆಯಲ್ಲಿ ಸೀಟಿಯ ಬದಲು ಒಂದು ರಾಜೀನಾಮೆಯ ಪತ್ರ ಇತ್ತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಹರ್ನ್ ಬೇಗೆ ಹೊರಡುವ ಮುನ್ನಾದಿನ ಭಾವನೊಡನೆ ಲಂಡನ್ನಿನ ಸೋಹೋ ಚೌಕಕ್ಕೆ ಹೋಗಿದ್ದೆ. ಗಾಲಿಪಾದುಕೆಯ ಪುರಾಣ ಪ್ರಾರಂಭವಾಗುವುದು ಅಲ್ಲಿಯೇ. ಹದಿನೆಂಟನೆಯ ಶತಮಾನದಲ್ಲಿ ಆ ಚೌಕದ ಅಂಚಿಗೆ ಕಾರ್ಲೈಲ್ ಹೌಸ್ ಎಂಬ ಭವ್ಯ ಭವನವಿತ್ತು. ತೆರೇಸಾ ಕಾರ್ನೆಲಿಸ್ ಎಂಬಾಕೆ ಅಲ್ಲಿ ಮುಖವಾಡದ ಕೂಟಗಳನ್ನು ನಡೆಸುತ್ತಿದ್ದಳು. ಬೆಲ್ಜಿಯಮ್ಮಿನ ಹ್ಯೂಯಿ ಪಟ್ಟಣದಲ್ಲಿ ೧೭೩೫ರಲ್ಲಿ ಹುಟ್ಟಿ, ಸ್ಪೇನಿನ ರಾಯಭಾರಿಯ ಪರಿವಾರದೊಡನೆ ೧೭೬೦ರಲ್ಲಿ ಲಂಡನ್ನಿಗೆ ಬಂದ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಚತುರ ಒಂದು ರಾತ್ರಿ ಆ ಕೂಟಕ್ಕೆ ತಾನೇ ಮಾಡಿದ ಗಾಲಿಯ ಪಾದರಕ್ಷೆಗಳನ್ನು ಕಟ್ಟಿಕೊಂಡು, ಪಿಟೀಲು ನುಡಿಸುತ್ತ ಜಾರಿಕೊಂಡು ಬಂದನಂತೆ. ಬಂದದ್ದು ಸರಿ, ನಿಲ್ಲುವ ಉಪಾಯವನ್ನೂ ತಿರುಗುವ ಉಪಾಯವನ್ನೂ ಅವನು ಕಂಡುಹಿಡಿದಿರಲಿಲ್ಲ. ಐನೂರು ಪೌಂಡಿಗೂ ಮಿಗಿಲಾದ ಬೆಲೆಯ ನಿಲುವುಗನ್ನಡಿಗೆ ಹೋಗಿ ಅಪ್ಪಳಿಸಿದ. ಕನ್ನಡಿ ಚೂರಾಯಿತು, ಪಿಟೀಲು ಮುರಿಯಿತು, ಅವನಿಗೂ ಬಲವಾದ ಗಾಯವಾಯಿತು ಎಂದು ಬರೆದಿಟ್ಟಿದ್ದಾರೆ. ಈ ಪುಣ್ಯಾತ್ಮ ಸಾಮಾನ್ಯನಲ್ಲ. ಅವನು ಮುಂದೆ ನಡೆಸಿದ ಯಂತ್ರಗಳ ಪ್ರದರ್ಶನದಲ್ಲಿ ಬೆಳ್ಳಿಯ ನರ್ತಕಿಯೊಂದನ್ನು ಕಂಡ ಬಾಲಕ ಚಾರ್ಲ್ಸ್ ಬ್ಯಾಬೇಜನೇ ಬೆಳೆದು ಗಣಕಯಂತ್ರದ ಪಿತಾಮಹನೆನಿಸಿದ. ಕಾರ್ಲೈಲ್ ಹೌಸ್ ಈಗ ಇಲ್ಲ. ಆ ಸ್ಥಳದಲ್ಲಿ ಸಂತ ಪ್ಯಾಟ್ರಿಕ್ಕನ ಇಟ್ಟಿಗೆಯ ಇಗರ್ಜಿ ನಿಂತಿದೆ. ಭಾವ ಅದರ ಬಾಗಿಲಲ್ಲಿ ನಿಂತು, “ಇಲ್ಲಿ ಕನ್ನಡಿ ಒಡೆದದ್ದನ್ನು ನೋಡಲು ನನ್ನ ಒಂದು ದಿನದ ರಜೆ ಹೋಯಿತು” ಎಂದು ನಕ್ಕರು.

ತಿರುಗುವ ಉಪಾಯಕ್ಕಾಗಿ ಜಗತ್ತು ನೂರು ವರ್ಷ ಕಾಯಬೇಕಾಯಿತು. ೧೮೬೩ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬವನು ಎರಡು ಜೋಡಿ ಗಾಲಿಗಳನ್ನು ಹಲಗೆಯ ಕೆಳಗೆ ಬಿಗಿದು, ಅಚ್ಚಿಗೂ ಹಲಗೆಗೂ ನಡುವೆ ರಬ್ಬರಿನ ಮೆತ್ತೆಯನ್ನಿಟ್ಟ. ಇಷ್ಟೇ ಅವನ ರಹಸ್ಯ. ಸವಾರನು ಯಾವ ಕಡೆಗೆ ಮೈ ವಾಲಿಸಿದರೆ ಗಾಲಿಗಳು ಆ ಕಡೆಗೆ ಓರೆಯಾಗಿ ತಿರುಗುತ್ತಿದ್ದವು. ಅಲ್ಲಿಯವರೆಗೆ ಸ್ಕೇಟು ನೇರವಾಗಿ ಓಡುವ ವಸ್ತುವಾಗಿತ್ತು; ಅಂದಿನಿಂದ ಅದು ಬಳಕುವ ವಸ್ತುವಾಯಿತು. ೧೮೭೦ರ ದಶಕದ ನಡುವೆ ಇಂಗ್ಲೆಂಡಿಗೆ ಈ ಹುಚ್ಚು ಹಬ್ಬಿದಾಗ ಪತ್ರಿಕೆಗಳು ಅದಕ್ಕೊಂದು ರೋಗದ ಹೆಸರನ್ನೇ ಇಟ್ಟವು. ತಾಯಂದಿರ ಕಣ್ಗಾವಲನ್ನು ತಪ್ಪಿಸಿ ತರುಣ ತರುಣಿಯರು ಕೈ ಹಿಡಿದು ಓಡಾಡಲು ಸ್ಕೇಟಿಂಗ್ ಕಣದಷ್ಟು ಮರ್ಯಾದೆಯ ಸ್ಥಳ ಬೇರೆ ಇರಲಿಲ್ಲವೆಂಬುದೂ ಆ ಹುಚ್ಚಿಗೆ ಒಂದು ಕಾರಣವೆಂದು ನನ್ನ ಊಹೆ. ಆಂಗ್ಲರ ಬೆನ್ನಿಗೆ ಈ ಆಟ ನಮ್ಮ ಗಿರಿಧಾಮಗಳನ್ನೂ ಏರಿತು. ಮಸ್ಸೂರಿಯಲ್ಲಿ ೧೮೯೦ರ ಸುಮಾರಿಗೆ ಮರದ ನೆಲದ ಒಂದು ದೊಡ್ಡ ಸ್ಕೇಟಿಂಗ್ ಭವನ ಎದ್ದಿತು. ಬಹುಕಾಲದ ಮೇಲೆ ಅದು ಹೋಟೆಲಾಗಿ, ೨೦೨೩ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಮರದ ನೆಲಕ್ಕೂ ಅಗ್ನಿಗೂ ಇರುವ ಈ ವೈರವನ್ನು ಹರ್ನ್ ಬೇಯಲ್ಲಿ ಮತ್ತೆ ನೋಡಲಿದ್ದೆ.

ವಿಕ್ಟೋರಿಯಾ ನಿಲ್ದಾಣದಿಂದ ರೈಲು ಹೊರಟು ಒಂದೂವರೆ ಗಂಟೆ ಕೆಂಟ್ ಸೀಮೆಯಲ್ಲಿ ಸಾಗುತ್ತದೆ. ರೋಚೆಸ್ಟರಿನಲ್ಲಿ ಮೆಡ್‌ವೇ ನದಿಯನ್ನು ದಾಟುವಾಗ ಒಂದು ಹಳೆಯ ಕೋಟೆ ಕಣ್ಣಿಗೆ ಬೀಳುತ್ತದೆ. ಆಮೇಲೆ ಸೇಬಿನ ತೋಟಗಳು, ಫ್ಯಾವರ್‌ಷಮ್, ಸಿಂಪಿಗೆ ಹೆಸರಾದ ವಿಟ್‌ಸ್ಟೇಬಲ್. ಅದನ್ನು ದಾಟಿದೊಡನೆ ಎಡಗಡೆಯಲ್ಲಿ ಬೂದುಬಣ್ಣದ ಕಡಲು. ನಮ್ಮ ಕಾರವಾರದ ಕಡಲಿನ ನೀಲಿಯನ್ನೂ ಗರ್ವವನ್ನೂ ಇಲ್ಲಿ ಹುಡುಕಬಾರದು. ಥೇಮ್ಸ್ ನದಿಯ ಮುಖವೇ ಅಗಲವಾಗಿ ಸಮುದ್ರವಾದ ಸ್ಥಳವಿದು. ನೀರು ಆಳವಿಲ್ಲ, ಇಳಿತದ ಹೊತ್ತಿನಲ್ಲಿ ಕೆಸರೇ ಹೆಚ್ಚು. ದಿಗಂತದಲ್ಲಿ ಮೂವತ್ತು ಗಾಳಿಯಂತ್ರಗಳು ೨೦೦೫ರಿಂದ ಸಾಲಾಗಿ ನಿಂತು ತೋಳು ಬೀಸುತ್ತಿವೆ. ಇನ್ನಷ್ಟು ಯಂತ್ರಗಳು ಆಮೇಲೆ ಅವುಗಳ ಜೊತೆಗೂಡಿವೆ.

ಊರಿನ ಬೆಡಗು ಕಡಲ ದಂಡೆಯ ಬೀದಿಯಲ್ಲಿದೆ. ಅಲ್ಲಿ ೧೮೩೭ರಲ್ಲಿ ಆನ್ ಥ್ವೇಟ್ಸ್ ಎಂಬ ಧನಿಕ ಮಹಿಳೆ ಕಟ್ಟಿಸಿಕೊಟ್ಟ ಗಡಿಯಾರದ ಗೋಪುರವಿದೆ. ಗಡಿಯಾರಕ್ಕೆಂದೇ ಬಿಡಿಯಾಗಿ ನಿಲ್ಲಿಸಿದ ಗೋಪುರಗಳಲ್ಲಿ ಇದೇ ಮೊದಲನೆಯದೆಂದು ಊರಿನವರ ಅಭಿಮಾನ. ಮುಂದೆ ಎಮಿ ಜಾನ್ಸನ್ ಎಂಬ ವಿಮಾನ ಚಾಲಕಿಯ ಕಂಚಿನ ಪ್ರತಿಮೆ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಆ ಧೀರೆ ೧೯೪೧ರಲ್ಲಿ ಈ ನೀರಿನಲ್ಲಿಯೇ ಕಣ್ಮರೆಯಾದಳು. ಇನ್ನೂ ಮುಂದೆ ಪಿಯರ್, ಎಂದರೆ ದಡದಿಂದ ಕಡಲೊಳಕ್ಕೆ ಚಾಚಿದ ಕಂಬಗಳ ಸೇತುವೆ. ಆಳವಿಲ್ಲದ ನೀರಿನಲ್ಲಿ ಹಡಗುಗಳು ದಡಕ್ಕೆ ಬರಲಾರದ ಕಾರಣ, ದಡವೇ ಹಡಗಿನ ಬಳಿಗೆ ಹೋಗಬೇಕಾಯಿತು. ೧೮೯೯ರ ಹೊತ್ತಿಗೆ ಅದರ ಉದ್ದ ೩,೭೮೭ ಅಡಿ. ಈಗ ದಡದ ಬಳಿ ಒಂದು ತುಂಡು ಉಳಿದಿದೆ; ಅದರ ಮೇಲೆ ಬಣ್ಣದ ಮರದ ಗೂಡಂಗಡಿಗಳು, ಮಕ್ಕಳ ತಿರುಗುಕುದುರೆ. ಇನ್ನೊಂದು ತುಂಡು ಬಹುದೂರದಲ್ಲಿ, ನಡುನೀರಿನಲ್ಲಿ, ಬಂಧುಬಳಗವನ್ನು ಕಳೆದುಕೊಂಡವನಂತೆ ಒಂಟಿಯಾಗಿ ನಿಂತಿದೆ. ನಡುವಣ ಭಾಗವನ್ನು ೧೯೭೮ರ ಜನವರಿಯ ಬಿರುಗಾಳಿ ಕೊಂಡೊಯ್ದಿತು.

ನಾನು ನೋಡಬಂದದ್ದು ಈ ಪಿಯರಿನ ದಡದ ತುದಿಯಲ್ಲಿದ್ದ ಗ್ರ್ಯಾಂಡ್ ಪಿಯರ್ ಪೆವಿಲಿಯನ್ ಎಂಬ ಭವನದ ಜಾಗವನ್ನು. ಕಟ್ಟಿದ್ದು ೧೯೧೦ರಲ್ಲಿ, ಇಂಗ್ಲೆಂಡಿನಲ್ಲಿ ಸ್ಕೇಟಿಂಗಿನ ಎರಡನೆಯ ಹುಚ್ಚು ಏರಿದ್ದ ಕಾಲದಲ್ಲಿ. ೧೯೧೩ರಲ್ಲಿ ತಂಗಿಯ ಜೊತೆಗೆ ಇಲ್ಲಿಗೆ ಬಂದಿದ್ದ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂಪ್ ರಾತ್ರಿಯ ದೀಪಗಳಲ್ಲಿ ಹೊಳೆಯುವ ಈ ಭವನದ ಚಿತ್ರವನ್ನು ತನ್ನ ಟಿಪ್ಪಣಿಗಳಲ್ಲಿ ಅಂಟಿಸಿಟ್ಟುಕೊಂಡಿದ್ದ. ಕಲೆಯ ಚರಿತ್ರೆಯವರಿಗೆ ಅದು ಮುಖ್ಯವಿರಬಹುದು. ನನಗೆ ಮುಖ್ಯವಾದದ್ದು ೧೯೨೬. ಗಾಲಿಯ ಮೇಲೆ ಆಡುವ ಹಾಕಿಯ ಮೊತ್ತಮೊದಲ ಯೂರೋಪ್ ಚಾಂಪಿಯನ್‌ಷಿಪ್ ಆ ವರ್ಷ ಹರ್ನ್ ಬೇಯಲ್ಲಿ ನಡೆಯಿತು. ಈ ಆಟಗಳ ಅಂತರರಾಷ್ಟ್ರೀಯ ಸಂಘ ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ ಹುಟ್ಟಿ ಆಗಿನ್ನೂ ಎರಡೇ ವರ್ಷ. ಇಂಗ್ಲೆಂಡ್ ಗೆದ್ದಿತು. ಮುಂದೆ ೧೯೩೯ರವರೆಗೆ ನಡೆದ ಹನ್ನೆರಡು ಚಾಂಪಿಯನ್‌ಷಿಪ್‌ಗಳಲ್ಲಿ ಹನ್ನೆರಡನ್ನೂ ಗೆದ್ದಿತು! ಯುದ್ಧ ಮುಗಿದು ೧೯೪೭ರಲ್ಲಿ ಲಿಸ್ಬನ್ನಿನಲ್ಲಿ ಸೇರಿದಾಗ ಪೋರ್ಚುಗಲ್ ಕಿರೀಟವನ್ನು ಕಿತ್ತುಕೊಂಡಿತು. ಅದು ಇಂಗ್ಲೆಂಡಿಗೆ ಮತ್ತೆ ಸಿಕ್ಕಿಲ್ಲ.

ಹಳೆಯ ಚಿತ್ರಪತ್ರವೊಂದರ ಪ್ರತಿಯನ್ನು ಕೈಯಲ್ಲಿ ಹಿಡಿದು, ಭವನ ಎಲ್ಲಿತ್ತೆಂದು ಅತ್ತಿತ್ತ ತಿರುಗಿ ಹೋಲಿಸಿ ನೋಡುತ್ತಿದ್ದೆ. ಹತ್ತಿರದ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ವೃದ್ಧರು ಸ್ವಲ್ಪ ಹೊತ್ತು ನನ್ನನ್ನು ಗಮನಿಸಿ, “ಹುಡುಕಬೇಡಿ. ನೀವು ನಿಂತಿರುವುದು ಅದರ ಒಳಗೇ” ಎಂದರು.

ಹೀಗೆ ನಮ್ಮ ಪರಿಚಯವಾಯಿತು. ವಯಸ್ಸು ಎಪ್ಪತ್ತೊಂಬತ್ತು, ವೃತ್ತಿಯಲ್ಲಿ ಬಡಗಿ. ಅವರ ಹೆಸರನ್ನು ಬರೆಯುವುದಿಲ್ಲ. ಬರೆಯಬಾರದೆಂಬುದು ಅವರದೇ ಇಚ್ಛೆ. ಐದಾರು ವರ್ಷದವರಿದ್ದಾಗ ತಾಯಿ ಕೈಹಿಡಿದು ಪೆವಿಲಿಯನ್ನಿಗೆ ಕರೆತಂದಳಂತೆ. ಮನೆಯಲ್ಲಿ ಆರು ಮಕ್ಕಳು. ಶನಿವಾರ ಬೆಳಗ್ಗೆ ಎರಡು ಗಂಟೆಯ ಕಾಲ ಒಬ್ಬನಾದರೂ ಕಣ್ಣ ಮುಂದಿಲ್ಲದಿದ್ದರೆ ಸಾಕೆಂದು ತಾಯಿಯ ಲೆಕ್ಕ. ನಾನು ಗಾಲಿಯ ಬಳಗದವನೆಂದು ತಿಳಿದದ್ದೇ ತಡ, ಅವರ ಕಣ್ಣಿನಲ್ಲಿ ಬೇರೊಂದು ಬೆಳಕು ಮೂಡಿತು. ಎದ್ದು ನಿಂತು, ಊರುಗೋಲಿನಿಂದಲೇ ಹಲಗೆಗಳ ಮೇಲೆ ಗೆರೆ ಎಳೆದು ತೋರಿಸಿದರು: ಇಲ್ಲಿ ಬಾಗಿಲು, ಇಲ್ಲಿ ಸ್ಕೇಟುಗಳನ್ನು ಬಾಡಿಗೆಗೆ ಕೊಡುವ ಕಟ್ಟೆ, ಇಲ್ಲಿ ಒಂದು ಹಲಗೆ ಸದಾ ಸ್ವಲ್ಪ ಮೇಲೆದ್ದಿತ್ತು, ಊರಿನವರಿಗೆಲ್ಲ ಅದು ಗೊತ್ತು, ಹೊರಗಿನ ತಂಡಗಳಿಗೆ ಗೊತ್ತಿಲ್ಲ. ಇಷ್ಟು ಹೇಳಿ ಹುಡುಗನಂತೆ ನಕ್ಕರು.

“ನೀವು ಕಾಂಕ್ರೀಟಿನ ಮೇಲೆ ಕಲಿತವರು,” ಎಂದರು. “ನಿಮಗೆ ಮರದ ಸದ್ದು ತಿಳಿಯದು. ಐವತ್ತು ಮಂದಿ ಒಟ್ಟಿಗೆ ಓಡುವಾಗ ಕೆಳಗೆ ನೀರು, ಮೇಲೆ ಮರ, ಅದರ ಮೇಲೆ ಗಾಲಿ. ಹೊರಗೆ ಬಿರುಗಾಳಿಯಿದ್ದರೂ ನಮಗೆ ಕೇಳಿಸುತ್ತಿರಲಿಲ್ಲ.”

೧೯೭೦ರ ಜೂನ್ ತಿಂಗಳಿನಲ್ಲಿ ಆ ಭವನ ಉರಿದು ಹೋಯಿತು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಕೆಲಸದ ಮನೆಯ ಮಾಡಿನ ಮೇಲಿದ್ದವರು ಹೊಗೆಯನ್ನು ಕಂಡು ಇಳಿದು ಓಡಿಬಂದರು. ದಂಡೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಅವರ ಸ್ಕೇಟುಗಳು, ಕೋಲು, ಅಪ್ಪ ಹೊಲಿಸಿಕೊಟ್ಟ ಚೀಲ ಎಲ್ಲವೂ ಒಳಗಿನ ಕಪಾಟಿನಲ್ಲಿ. “ಬೆಂಕಿಗಿಂತ ನನಗೆ ನೆನಪಿರುವುದು ಜನರ ಮೌನ,” ಎಂದರು. ೧೯೭೬ರಲ್ಲಿ ಅದೇ ಜಾಗದಲ್ಲಿ ಹೊಸದೊಂದು ಕ್ರೀಡಾಭವನ ಬಂತು. ಅದರ ರೂಪವನ್ನು ಕಂಡು ಊರಿನವರು ‘ದನದ ಕೊಟ್ಟಿಗೆ’ ಎಂದು ಹೆಸರಿಟ್ಟರು. ಕೊಟ್ಟಿಗೆಯಾದರೂ ಅದರೊಳಗೆ ಗಾಲಿಗಳು ಮತ್ತೆ ಓಡಿದವು. ೨೦೧೨ರಲ್ಲಿ ಅದನ್ನೂ ಕೆಡವಿದರು. ಈ ಬಗೆಗೆ ಅವರಿಗೆ ಹೇಳಲು ಬಹಳವಿತ್ತು. ಹಿರಿಯರು ನಗರಸಭೆಗಳ ಮೇಲೆ ಹೇಳುವ ಮಾತುಗಳು ಎಲ್ಲ ದೇಶಗಳಲ್ಲೂ ಒಂದೇ ಆದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

ಈ ಹಾಕಿಯನ್ನು ಕಾಣದ ಓದುಗರಿಗಾಗಿ ನಾಲ್ಕು ಮಾತು. ಪಕ್ಷವೊಂದಕ್ಕೆ ಗೋಲಿಯೂ ಸೇರಿ ಐದೇ ಜನ. ಕಾಲಿಗೆ ಪ್ಲಿಂಪ್ಟನ್ನನ ಕ್ರಮದ ನಾಲ್ಕು ಗಾಲಿಯ ಸ್ಕೇಟು. ಕೈಯಲ್ಲಿ ಬಾಗಿದ ಕೋಲು. ಅದರ ಎರಡು ಮಗ್ಗುಲಿನಿಂದಲೂ ಹೊಡೆಯಬಹುದು. ಚೆಂಡು ಸುಮಾರು ೧೫೫ ಗ್ರಾಂ ತೂಕದ ಗಟ್ಟಿ ಉಂಡೆ. ಕಣದ ಸುತ್ತ ಗಿಡ್ಡ ಗೋಡೆ. ಗೋಡೆಗೆ ಬಡಿದ ಚೆಂಡು ಹಿಂದಕ್ಕೆ ಚಿಮ್ಮುವುದರಿಂದ ಆಟಕ್ಕೆ ಬಿಡುವೆಂಬುದಿಲ್ಲ. ಇಲ್ಲಿ ರೆಫರಿಯ ಕಷ್ಟವೇನೆಂದರೆ, ಅವನು ನೋಡಬೇಕಾದದ್ದು ಚೆಂಡನ್ನಲ್ಲ. ಚೆಂಡನ್ನು ನೋಡಲು ಪ್ರೇಕ್ಷಕರಿದ್ದಾರೆ. ಚೆಂಡು ಹೋದ ಮೇಲೆ ಕೋಲು ಏನು ಮಾಡಿತು, ಮೈ ತಾಗಿದಾಗ ಮೊಣಕೈ ಎಲ್ಲಿತ್ತು, ಬಿದ್ದವನು ತಾನಾಗಿ ಬಿದ್ದನೋ ಬೀಳಿಸಲ್ಪಟ್ಟನೋ, ಇವನ್ನು ಅವನು ಅರೆಕ್ಷಣದಲ್ಲಿ ಕಾಣಬೇಕು. ಓಟದ ಸ್ಪರ್ಧೆಗಳಲ್ಲಿಯೂ ಹೀಗೆಯೇ. ಜನರ ಕಣ್ಣು ಮುಂದಿರುವವನ ಮೇಲೆ. ರೆಫರಿಯ ಕಣ್ಣು ತಿರುವಿನಲ್ಲಿ, ಮೂರನೆಯವನ ಕೈ ಎರಡನೆಯವನ ಸೊಂಟದ ಹತ್ತಿರ ಏಕೆ ಹೋಯಿತೆಂಬುದರ ಮೇಲೆ.

ವೃದ್ಧರು ಆಡುವುದನ್ನು ನಿಲ್ಲಿಸಿದ ಮೇಲೆ ನಲವತ್ತು ವರ್ಷ ಸೀಟಿ ಹಿಡಿದರು. ವಾರವಿಡೀ ಬಾಗಿಲು ಕಿಟಕಿಗಳ ಕೆಲಸ. ಶನಿವಾರ ಬಂತೆಂದರೆ ಬೇರೆ ಊರಿನ ಯಾವುದೋ ಭವನ. ಹೆಂಡತಿ ಬುತ್ತಿ ಕಟ್ಟಿಕೊಟ್ಟು, ‘ಹೋಗಿ ಬೈಸಿಕೊಂಡು ಬನ್ನಿ’ ಎಂದು ಕಳುಹಿಸುತ್ತಿದ್ದಳಂತೆ. ೧೯೮೦ರ ದಶಕದ ಒಂದು ಪಂದ್ಯ. ಅವರದೇ ಊರಿನ ಹುಡುಗರು, ಸಮಸಮ ಅಂಕಗಳು, ಕೊನೆಯ ಅರ್ಧ ನಿಮಿಷ. ಬೇರೆ ರೆಫರಿ ಬರಲಾರದೆ ಹೋದದ್ದರಿಂದ ಇವರೇ ನಿಲ್ಲಬೇಕಾಯಿತು. ಎದುರುಪಕ್ಷದವನು ಗೋಲಿಯ ಮುಂದೆ ಒಂಟಿಯಾಗಿ ನುಗ್ಗುವಾಗ ಊರಿನ ತಂಡದ ಒಬ್ಬ ಹಿಂದಿನಿಂದ ಕಾಲು ಅಡ್ಡ ಕೊಟ್ಟ. ಇವರು ಸೀಟಿ ಊದಿ ದಂಡದ ಹೊಡೆತ ಕೊಟ್ಟರು. ಅದು ಗೋಲಾಯಿತು, ಊರಿನವರು ಸೋತರು. ಕಾಲು ಕೊಟ್ಟ ಹುಡುಗನ ಅಣ್ಣ ಇವರ ಬಾಲ್ಯದ ಗೆಳೆಯ; ಇವರ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಉಂಗುರ ಕೊಟ್ಟವನು.

“ಅಂದಿನಿಂದ ಹದಿನೆಂಟು ವರ್ಷ ಅವನು ನನ್ನೊಡನೆ ಮಾತಾಡಲಿಲ್ಲ,” ಎಂದರು. “ಮಾತೇ ಇಲ್ಲವೆಂದಲ್ಲ. ಅಂಗಡಿಯಲ್ಲಿ ಎದುರಾದರೆ ಮಳೆ ಬರುವ ಹಾಗಿದೆ ಎಂದು ಹೇಳುತ್ತಿದ್ದ. ಮಳೆಯ ವಿಷಯ ಬಿಟ್ಟು ಬೇರೆ ಇಲ್ಲ. ಆಮೇಲೆ ತೀರಿಕೊಂಡ.”

“ನೀವು ಹೋಗಿ ಮಾತಾಡಿಸಲಿಲ್ಲವೆ?”

“ಎರಡು ಸಲ. ಒಂದೇ ಮಾತು ಹೇಳೆಂದು ಅವನು ಕೇಳಿದ. ಸರಿಯಾಗಿ ಕಾಣಲಿಲ್ಲವೆಂದು ಹೇಳಿಬಿಡು, ಸಾಕು ಎಂದ.” ಅವರು ಕಡಲಿನ ಕಡೆಗೆ ನೋಡಿದರು. “ಕಾಲು ಅಡ್ಡ ಬಂದಿತ್ತು. ನಾನು ನೋಡಿದ್ದೆ.”

ಕೇಳುತ್ತ ಕುಳಿತಿದ್ದ ನನಗೆ ಕರ್ಣಪರ್ವವನ್ನು ಪಾಠ ಹೇಳುವಾಗ ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುವ ಪ್ರಶ್ನೆ ನೆನಪಾಯಿತು. ಕರ್ಣನ ರಥದ ಗಾಲಿ ನೆಲದಲ್ಲಿ ಹೂತಾಗ ಅವನು ಕ್ಷಣಕಾಲ ಯುದ್ಧವನ್ನು ನಿಲ್ಲಿಸಲು ಕೇಳಿದ್ದು ನ್ಯಾಯವೋ, ಅವನಿಗೆ ಹಳೆಯದನ್ನೆಲ್ಲ ನೆನಪಿಸಿ ಕೃಷ್ಣನು ಬಾಣ ಬಿಡಿಸಿದ್ದು ನ್ಯಾಯವೋ? ಉತ್ತರ ಹೇಳಲು ಕುರುಕ್ಷೇತ್ರದಲ್ಲಿ ಎರಡು ಪಕ್ಷದವರಿದ್ದರು, ಮೂರನೆಯವನಿರಲಿಲ್ಲ. ಆ ಮೂರನೆಯವನಾಗಿ ನಿಲ್ಲುವುದು ಎಂಥ ಒಂಟಿತನದ ಕೆಲಸವೆಂದು ಈ ಬಡಗಿಗೆ ಗೊತ್ತಿತ್ತು.

ಆಗ ನನ್ನ ಪೆಟ್ಟಿಗೆಯ ಪತ್ರದ ಕಥೆಯನ್ನು ಅವರಿಗೆ ಹೇಳಿದೆ. ಹಿಂದಿನ ವರ್ಷ ನಮ್ಮ ಕಡೆಯ ಒಂದು ಊರಿನಲ್ಲಿ ಮಕ್ಕಳ ಸ್ಪರ್ಧೆ. ಹತ್ತು ವರ್ಷದ ಒಬ್ಬ ಹುಡುಗ. ಒಳ್ಳೆಯ ವೇಗ, ಒಳ್ಳೆಯ ಕಾಲು. ಕೊನೆಯ ತಿರುವಿನಲ್ಲಿ ಮುಂದಿದ್ದವನ ಸೊಂಟಕ್ಕೆ ಕೈಕೊಟ್ಟು ಸರಿಸಿ ಮೊದಲನೆಯವನಾಗಿ ಬಂದ. ಸರಿಸಲ್ಪಟ್ಟವನು ಬಿದ್ದು ಮೊಣಕೈ ತರೆದುಕೊಂಡ. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಗೆದ್ದವನ ಹೆಸರನ್ನು ತೆಗೆದುಹಾಕಿದೆ. ಹುಡುಗ ಅಳಲು ಪ್ರಾರಂಭಿಸಿದ. ಅವನ ತಂದೆ ಹತ್ತು ಜನರನ್ನು ಸೇರಿಸಿಕೊಂಡು ಬಂದು ನನ್ನ ಅಂಗಿಯ ಕೊರಳಪಟ್ಟಿಗೆ ಕೈಹಾಕಿದರು. ಅದನ್ನಾದರೂ ಸಹಿಸಬಹುದಾಗಿತ್ತು, ಮಗನ ಅಳು ತಂದೆಯ ಬುದ್ಧಿಯನ್ನು ಕೆಡಿಸುವುದು ಲೋಕದಲ್ಲಿ ಹೊಸತಲ್ಲ. ಸ್ಪರ್ಧೆಯನ್ನು ಏರ್ಪಡಿಸಿದ್ದವರು ಸಂಜೆ ನನ್ನನ್ನು ಒಳಗೆ ಕರೆದು, ಕಾಫಿ ಕೊಟ್ಟು, ‘ಸರ್, ಚಿಕ್ಕ ಮಕ್ಕಳ ವಿಷಯ, ಇಬ್ಬರಿಗೂ ಮೊದಲನೆಯ ಸ್ಥಾನವೆಂದು ಬರೆದುಬಿಡಿ, ಯಾರಿಗೂ ಬೇಸರವಿಲ್ಲ’ ಎಂದರು. ನಾನು ಬರೆಯಲಿಲ್ಲ. ಅಂದಿನಿಂದ ಅವರು ನನ್ನನ್ನು ಕರೆಯಲಿಲ್ಲ. ಮನೆಯಲ್ಲಿ ಹೆಂಡತಿ, ‘ನಿಮಗೇಕೆ ಈ ಊರ ಉಸಾಬರಿ? ಭಾನುವಾರ ಮಗಳನ್ನಾದರೂ ಆಡಿಸಿ’ ಎಂದಳು. ಅದರಲ್ಲೂ ಸತ್ಯವಿತ್ತು. ರೆಫರಿಗಳ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಕಾಗದ ಬರೆದೆ, ಕಳುಹಿಸಲು ಕೈ ಬರಲಿಲ್ಲ, ಹರಿಯಲೂ ಬರಲಿಲ್ಲ.

ವೃದ್ಧರು ಸಮಾಧಾನದ ಮಾತನ್ನಾಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದೇ ಪ್ರಶ್ನೆ ಕೇಳಿದರು:

“ಆ ಹುಡುಗ ಈಗಲೂ ಓಡುತ್ತಾನೆಯೆ?”

ನನಗೆ ಗೊತ್ತಿರಲಿಲ್ಲ. ನನ್ನ ಮೇಲೆ ಬಂದ ಮಾತುಗಳನ್ನೆಲ್ಲ ಒಂದು ವರ್ಷದಿಂದ ಮೆಲುಕು ಹಾಕುತ್ತಿದ್ದೆ. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಗಾಳಿ ತಣ್ಣಗಾದದ್ದರಿಂದ ಎದ್ದು ದಂಡೆಯ ಬೀದಿಯ ಒಂದು ಹೋಟೆಲಿನಲ್ಲಿ ಚಹ ಕುಡಿದೆವು. ವಿಷಯ ಬದಲಾಯಿಸಲು ಹಾಂಗ್‌ಝೌ ಏಷ್ಯನ್ ಕ್ರೀಡೆಗಳ ಕಥೆಯನ್ನು ಅವರಿಗೆ ಹೇಳಿದೆ. ೨೦೨೩ರ ಅಕ್ಟೋಬರ್ ೨. ಗಂಡಸರ ೩,೦೦೦ ಮೀಟರ್ ರಿಲೇ ಓಟ. ಕೊರಿಯಾದ ಜಂಗ್ ಚಿಯೋಲ್‌ವನ್ ಎಲ್ಲರಿಗಿಂತ ಮುಂದಿದ್ದು, ಗೆರೆ ಇನ್ನೇನು ಬಂತೆನ್ನುವಾಗ ಗೆದ್ದೆನೆಂದು ಎರಡು ಕೈಗಳನ್ನೂ ಮೇಲೆತ್ತಿದ. ಹಿಂದಿದ್ದ ತೈವಾನಿನ ಹುವಾಂಗ್ ಯೂಲಿನ್ ಎಡಗಾಲನ್ನು ನೀಡಬಹುದಾದಷ್ಟು ನೀಡಿ ಗೆರೆಯಾಚೆಗೆ ತೂರಿಸಿದ. ಗೆರೆಯ ತೀರ್ಪು ಎದೆಯದಲ್ಲ, ಕೈಯದಲ್ಲ, ಮುಂದಿನ ಗಾಲಿಯದು. ವ್ಯತ್ಯಾಸ ಸೆಕೆಂಡಿನ ನೂರನೆಯ ಒಂದು ಭಾಗ. ಕೊರಿಯಾದಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದ ತರುಣರಿಗೆ ಕಡ್ಡಾಯದ ಸೈನ್ಯಸೇವೆಯಿಂದ ವಿನಾಯಿತಿ ಇದೆ. ಆ ಎರಡು ಕೈಗಳು ಗೆಳೆಯರ ಪಾಲಿಗೆ ಎಷ್ಟು ಭಾರವಾದವೆಂದು ಊಹಿಸಬಹುದು. ಅದೇ ಓಟದಲ್ಲಿ ಮೂರನೆಯದಾಗಿ ಬಂದು ಕಂಚು ಗೆದ್ದದ್ದು ನಮ್ಮ ಭಾರತದ ತಂಡ. ಅದೇ ದಿನ ನಮ್ಮ ಹುಡುಗಿಯರ ತಂಡವೂ ರಿಲೇಯಲ್ಲಿ ಕಂಚು ತಂದಿತ್ತು.

ವೃದ್ಧರು ಮೇಜು ತಟ್ಟಿ ನಕ್ಕರು. “ಕೈ ಮೇಲೆ ಹೋದರೆ ಕಾಲು ಹಿಂದೆ ಬೀಳುತ್ತದೆ. ಇದನ್ನು ನಾನು ಆರು ವರ್ಷದ ಮಕ್ಕಳಿಗೆ ಹೇಳುತ್ತಿದ್ದೆ,” ಎಂದರು. ಆಮೇಲೆ ನಮ್ಮಲ್ಲಿ ಸಿಮೆಂಟಿನ ಮೇಲೆ ಎಷ್ಟು ಗಟ್ಟಿಯ ಗಾಲಿ ಬಳಸುತ್ತೇವೆ, ಬಿಸಿಲಿಗೆ ಅದು ಮೆತ್ತಗಾಗುವುದಿಲ್ಲವೆ, ಮಳೆಗಾಲದಲ್ಲಿ ಏನು ಮಾಡುತ್ತೇವೆ ಎಂದು ಒಂದೊಂದಾಗಿ ಕೇಳಿದರು. ಮೈಸೂರಿನ ಮಳೆಯಲ್ಲಿ ಮದುವೆಯ ಛತ್ರಗಳ ಊಟದ ಹಾಲನ್ನು ಬೇಡಿಕೊಂಡು ಅಭ್ಯಾಸ ಮಾಡಿಸುತ್ತೇವೆಂದಾಗ ಅವರಿಗೆ ಬಹಳ ಸಂತೋಷವಾಯಿತು. ರೈಲಿನ ಹೊತ್ತಾಯಿತೆಂದು ನಾನೇ ಏ‍ಳಬೇಕಾಯಿತು. ಗಡಿಯಾರದ ಗೋಪುರದವರೆಗೆ ನಡೆದು ಬಂದು, ಕೈಕುಲುಕಿ, ಮನೆಯ ಕಡೆಗೆ ಹೊರಟರು. ನಡಿಗೆಯಲ್ಲಿ ಒಂದು ಬದಿಗೆ ಸ್ವಲ್ಪ ವಾಲುತ್ತಿದ್ದರು. ಮುಪ್ಪಿನಿಂದಲೋ, ಎಪ್ಪತ್ತು ವರ್ಷದ ಅಭ್ಯಾಸದಿಂದಲೋ ಹೇಳಲಾರೆ.

ಹ್ಯಾರೋಗೆ ಮರಳಿದ ಎರಡು ದಿನಗಳ ಮೇಲೆ ಅಕ್ಕ ಅಂಗಡಿಗೆ ಹೊರಟು ನನ್ನ ಕೈಗೆ ಸಾಮಾನಿನ ಚೀಟಿ ಕೊಟ್ಟಳು. ತೊಗರಿಬೇಳೆ, ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು, ಹಾಲು ನಾಲ್ಕು ಪೈಂಟು. ಹಿಂದೆ ತಿರುಗಿಸಿ ನೋಡಿದರೆ ನನ್ನ ರಾಜೀನಾಮೆಯ ಕಾಗದ!

“ನಿನ್ನ ಕೋಟು ಒಗೆಯಲು ಹಾಕುವಾಗ ಜೇಬಿನಲ್ಲಿತ್ತು ಕಣೋ. ಒಂದು ಬದಿ ಖಾಲಿ ಇತ್ತು. ಮುಖ್ಯವಾದದ್ದೇನು?”

“ಏನಿಲ್ಲ ಅಕ್ಕ,” ಎಂದೆ.

ಊರಿಗೆ ಬಂದ ಮೇಲೆ ವಿಚಾರಿಸಿದೆ. ಹುಡುಗ ಓಡುತ್ತಿದ್ದಾನೆ, ಬೇರೊಬ್ಬ ತರಬೇತಿದಾರರ ಬಳಿಗೆ ಸೇರಿದ್ದಾನೆ ಎಂದು ತಿಳಿಯಿತು. ಸೆಪ್ಟೆಂಬರಿನ ಕೊನೆಯಲ್ಲಿ ಇನ್ನೊಂದು ಜಿಲ್ಲೆಯವರು ಮಕ್ಕಳ ಸ್ಪರ್ಧೆಗೆ ರೆಫರಿ ಬೇಕೆಂದು ಫೋನು ಮಾಡಿದರು, ಹೋದೆ. ಚೆನ್ನೈಯ ಆನಂದಕುಮಾರ್ ವೇಲ್‌ಕುಮಾರ್ ಚೀನಾದ ಬೈದೈಹೆಯಲ್ಲಿ ೧,೦೦೦ ಮೀಟರ್ ಓಟದಲ್ಲಿ ಗೆದ್ದು ಹಿರಿಯರ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಚಿನ್ನವನ್ನು ಭಾರತಕ್ಕೆ ತಂದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ಮಕ್ಕಳ ಬಾಯಲ್ಲೆಲ್ಲ ಅವನದೇ ಹೆಸರು. ಬೆಳಗ್ಗೆ ಆರು ಗಂಟೆಗೆ ಸುಣ್ಣದ ಪುಡಿಯಿಂದ ಗೆರೆ ಎಳೆದದ್ದಾಯಿತು. ಹನ್ನೊಂದು ವರ್ಷದೊಳಗಿನವರ ಸರದಿಯಲ್ಲಿ ಆ ಹುಡುಗ ನಾಲ್ಕನೆಯವನಾಗಿ ನಿಂತಿದ್ದ. ಒಂದು ಗೇಣು ಎತ್ತರವಾಗಿದ್ದಾನೆ. ನನ್ನನ್ನು ಗುರುತಿಸಿ, ದೃಷ್ಟಿ ತಗ್ಗಿಸಿ, ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಮಾಡಿಕೊಂಡ. ತಂದೆ ಬೇಲಿಯಾಚೆ ಕೈಕಟ್ಟಿಕೊಂಡು ನಿಂತಿದ್ದರು.

ಕೊನೆಯ ತಿರುವಿನಲ್ಲಿ ಅವನು ಎರಡನೆಯವನಾಗಿದ್ದ. ಮುಂದಿದ್ದವನಿಗೂ ಅವನಿಗೂ ಒಂದು ಮೊಳದ ಅಂತರ. ಅವನ ಬಲಗೈ ಒಂದು ಸಲ ಮುಂದಕ್ಕೆ ಬಂದು, ಏನನ್ನೂ ಮುಟ್ಟದೆ ಬೆನ್ನ ಹಿಂದಕ್ಕೆ ಹೋಯಿತು. ಹೊರಮಗ್ಗುಲಿನಿಂದ ಸುತ್ತುಹಾಕಲು ನೋಡಿ, ಅಷ್ಟರಲ್ಲಿ ಇನ್ನೊಬ್ಬನು ಒಳಗಿನಿಂದ ನುಸುಳಿದ್ದರಿಂದ ಮೂರನೆಯವನಾಗಿ ಗೆರೆ ದಾಟಿದ. ಮೂರನೆಯ ಮತ್ತು ನಾಲ್ಕನೆಯ ಗಾಲಿಗಳ ನಡುವೆ ನಾಲ್ಕು ಬೆರಳಿನಷ್ಟೇ ಅಂತರವಿತ್ತು. ನಾನು ಬಗ್ಗಿ ನೋಡಿ, ಎದ್ದು, ಅವನ ಎದೆಯ ಮೇಲಿನ ಸಂಖ್ಯೆಯನ್ನು ಹಾಳೆಯಲ್ಲಿ ಬರೆದುಕೊಂಡೆ.